ಉಂಡ ಮೇಲೆ ಹುಟ್ಟುವ ಹಸಿವು

ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯು ಕಬ್ಬು ಮತ್ತು ಭತ್ತಗಳ ಊರು. ಕಾವೇರಿಯ ನಾಲೆಗಳು ಹರಿಯುವ ಈ ಸೀಮೆಯ ರೈತರು ಆಲೆಮನೆಗಳಲ್ಲಿ ತಯಾರಿಸಿದ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧಗೊಳಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ಪಾಲಹಳ್ಳಿಯಲ್ಲಿ 1847ರಲ್ಲಿಯೇ ಆರಂಭವಾಗಿತ್ತು. ಅನ್ನಕ್ಕೂ ಬೆಲ್ಲಕ್ಕೂ ಬರವಿಲ್ಲದ ಇಂತಹ ಊರಿನಲ್ಲಿ, ಉಣ್ಣಲು ಎಲ್ಲವೂ ಇದ್ದು ಉಣ್ಣಲಾರದೆ ಸೊರಗುವ ಕಾಯಿಲೆಯೊಂದಿದೆ ಎಂದರೆ ಹಿರಿಯರು ತಟ್ಟನೆ ನಂಬಲಿಕ್ಕಿಲ್ಲ. "ಹೊಟ್ಟೆ ಹಸಿದರೆ ತಾನಾಗಿಯೇ ಉಣ್ಣುತ್ತಾಳೆ, ಬಿಡಿ" ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆದರೆ ಈ ಕಾಯಿಲೆಯ ವಿಷಯದಲ್ಲಿ ಆ ಮಾತು ತಲೆಕೆಳಗಾಗುತ್ತದೆ. ಇಲ್ಲಿ ಹಸಿವು ಮೊದಲು ಬಂದು ಊಟ ಅದರ ಹಿಂದೆ ಬರುವುದಿಲ್ಲ. ಊಟ ಮೊದಲು ಬರಬೇಕು. ಹಸಿವು ಅದರ ಹಿಂದೆ, ವಾರಗಳ ಮೇಲೆ ಅಥವಾ ತಿಂಗಳುಗಳ ಮೇಲೆ ಬರುತ್ತದೆ. ಈ ಒಂದು ಸಂಗತಿಯನ್ನು ನಮ್ಮ ಕುಟುಂಬಗಳು ಮನಗಾಣಲಿ ಎಂಬುದೇ ಈ ಲೇಖನದ ಉದ್ದೇಶ.

ಇದು ಪರದೇಶದ ಕಾಯಿಲೆ, ನಮಗೇಕೆ ಎಂದು ಕೇಳುವವರಿಗೆ ನೆರೆಯ ಮೈಸೂರಿನಿಂದಲೇ ಉತ್ತರ ದೊರೆಯುತ್ತದೆ. ಮೈಸೂರಿನ ವಿದ್ಯಾಸಂಸ್ಥೆಗಳ 15ರಿಂದ 25 ವರ್ಷದೊಳಗಿನ 1,600 ವಿದ್ಯಾರ್ಥಿಗಳನ್ನು ಪ್ರಶ್ನಾವಳಿಯ ಮೂಲಕ ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಭಾರತೀಯ ಮನೋವೈದ್ಯರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆ ವಿದ್ಯಾರ್ಥಿಗಳಲ್ಲಿ ಶೇಕಡಾ 26ರಷ್ಟು ಮಂದಿಯಲ್ಲಿ ಆಹಾರದ ಬಗೆಗಿನ ಧೋರಣೆ ಸರಿಯಾಗಿರಲಿಲ್ಲ. ಇವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ರೋಗದ ಕಡೆಗೆ ಜಾರಬಹುದಾದವರು ಎಂದಷ್ಟೇ ಅರ್ಥ. ಆದರೂ ನಾಲ್ವರಲ್ಲಿ ಒಬ್ಬರು ಎಂಬುದು ಅಲಕ್ಷಿಸುವ ಲೆಕ್ಕವಲ್ಲ. ಪಾಲಹಳ್ಳಿ, ಬೆಳಗೊಳ, ಪಾಂಡವಪುರಗಳಿಂದ ಮುಂಜಾನೆಯ ಬಸ್ಸು ಹಿಡಿದು ಮೈಸೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳೂ ಅದೇ ವಯಸ್ಸಿನವರು.

ಕಾಯಿಲೆಯ ಸ್ವರೂಪ

ವೈದ್ಯರು ಇದನ್ನು ಆಹಾರ ಸೇವನೆಯ ಅಸ್ವಸ್ಥತೆ ಎಂದು ಕರೆಯುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳು. ಮೊದಲನೆಯದು ಅನೋರೆಕ್ಸಿಯಾ ನರ್ವೋಸಾ. ದಪ್ಪಗಾದೇನೆಂಬ ಭಯದಿಂದ ಊಟವನ್ನು ಕಡಿಮೆ ಮಾಡುತ್ತಾ ಹೋಗಿ, ಎಲುಬು ಕಾಣುವಂತಾದರೂ ತಾನು ದಪ್ಪಗಿದ್ದೇನೆಂದೇ ನಂಬುವ ಸ್ಥಿತಿ ಇದು. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸಿನ ವೈದ್ಯ ಲಸೇಗ್ ಇದನ್ನು ಬೇರೆ ಬೇರೆಯಾಗಿಯೇ ಗುರುತಿಸಿ ಬರೆದರು. ಎರಡನೆಯದು ಬುಲಿಮಿಯಾ ನರ್ವೋಸಾ. ಇದರಲ್ಲಿ ಹತೋಟಿ ತಪ್ಪಿ ಒಮ್ಮೆಗೇ ವಿಪರೀತ ತಿಂದು, ಅನಂತರ ವಾಂತಿ ಮಾಡಿಕೊಳ್ಳುವುದು, ಭೇದಿಯ ಮಾತ್ರೆ ನುಂಗುವುದು ಅಥವಾ ಮರುದಿನ ಪೂರ್ತಿ ಉಪವಾಸವಿರುವುದು ನಡೆಯುತ್ತದೆ. ಇದಕ್ಕೆ ಈ ಹೆಸರನ್ನು ಕೊಟ್ಟವರು ಜೆರಾಲ್ಡ್ ರಸೆಲ್, ಅದು 1979ರಲ್ಲಿ. ಹೆಣ್ಣುಮಕ್ಕಳಲ್ಲಿ ಈ ಕಾಯಿಲೆಗಳು ಹೆಚ್ಚು. ಆದರೆ ಗಂಡುಮಕ್ಕಳು ಇವುಗಳಿಗೆ ಹೊರತಲ್ಲ.

ನಮ್ಮ ದೇಶದ ರೋಗಿಗಳಲ್ಲಿ ವೈದ್ಯರು ಕಂಡ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಅವರಲ್ಲಿ ಕೆಲವರು "ದಪ್ಪಗಾಗುತ್ತೇನೆ" ಎನ್ನುವುದೇ ಇಲ್ಲ. "ಹೊಟ್ಟೆ ಉಬ್ಬರಿಸುತ್ತದೆ", "ಹಸಿವೇ ಇಲ್ಲ", "ತಿಂದದ್ದು ಮೈಗೆ ಹಿಡಿಸುವುದಿಲ್ಲ" ಎನ್ನುತ್ತಾರೆ. ಆದ್ದರಿಂದ ಮನೆಯವರು ಜೀರ್ಣಶಕ್ತಿಗೆಂದು ಔಷಧ ಕೊಡಿಸುತ್ತಾ ತಿಂಗಳುಗಳನ್ನು ಕಳೆಯುತ್ತಾರೆ. ಹೊಟ್ಟೆಯ ಬೇರೆ ಕಾಯಿಲೆಗಳಿಲ್ಲವೆಂದು ಪರೀಕ್ಷೆಯಿಂದ ಖಚಿತವಾದ ಮೇಲೂ ತೂಕ ಇಳಿಯುತ್ತಲೇ ಇದ್ದರೆ, ಮುಟ್ಟು ನಿಂತುಹೋಗಿದ್ದರೆ, ಮೈಯೆಲ್ಲ ತಣ್ಣಗಿದ್ದು ಸದಾ ಚಳಿ ಎನ್ನುತ್ತಿದ್ದರೆ, ಎಲ್ಲರೊಡನೆ ಊಟಕ್ಕೆ ಕೂರುವುದನ್ನು ಉಪಾಯವಾಗಿ ತಪ್ಪಿಸುತ್ತಿದ್ದರೆ ಈ ಕಾಯಿಲೆಯನ್ನು ಶಂಕಿಸಲೇಬೇಕು.

ಹಸಿವು ಮನಸ್ಸನ್ನು ಕೆಡಿಸುವ ಬಗೆ

"ಮನಸ್ಸು ಸರಿಹೋದರೆ ಊಟವೂ ಸರಿಹೋಗುತ್ತದೆ" ಎಂದು ಅನೇಕರು ಭಾವಿಸುತ್ತಾರೆ. ಇದು ಅರ್ಧಸತ್ಯ. ಉಳಿದ ಅರ್ಧವನ್ನು ತಿಳಿಯಲು ಅಮೆರಿಕದ ಮಿನಿಸೋಟಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕೊನೆಯ ಕಾಲವದು. ಯುದ್ಧದಿಂದ ಬಳಲಿದ ದೇಶಗಳ ಹಸಿದ ಜನರನ್ನು ಮತ್ತೆ ಚೇತರಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ 36 ಮಂದಿ ಆರೋಗ್ಯವಂತ ತರುಣರ ಮೇಲೆ, ಅವರ ಒಪ್ಪಿಗೆ ಪಡೆದು, ಈ ಪ್ರಯೋಗ ನಡೆಸಿದನು. ಯುದ್ಧದಲ್ಲಿ ಆಯುಧ ಹಿಡಿಯಲು ಒಲ್ಲೆನೆಂದ ತರುಣರು ಅವರು. 24 ವಾರಗಳ ಕಾಲ ಅವರ ಆಹಾರವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಲಾಯಿತು. ದಿನಕ್ಕೆ ಸುಮಾರು 1,600 ಕ್ಯಾಲೊರಿಯಷ್ಟೇ ದೊರೆಯುತ್ತಿತ್ತು. ದೇಹದ ತೂಕದಲ್ಲಿ ಕಾಲುಭಾಗ ಕರಗಿತು.

ಗಮನಿಸಬೇಕಾದುದು ಅವರ ಮನಸ್ಸಿಗೆ ಆದ ಪರಿಣಾಮ. ಮೊದಲು ಹಸನ್ಮುಖಿಗಳಾಗಿದ್ದವರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರ ಸರಿದರು. ಹಗಲಿರುಳೂ ಅವರಿಗೆ ಊಟದ್ದೇ ಚಿಂತೆ. ಅಡುಗೆ ಪುಸ್ತಕಗಳನ್ನು ತರಿಸಿಕೊಂಡು ಓದಿದವರಿದ್ದರು. ತಟ್ಟೆಯಲ್ಲಿದ್ದ ತುಸು ಆಹಾರವನ್ನೇ ತುಂಡುಮಾಡಿ, ಕಲಸಿ, ಗಂಟೆಗಟ್ಟಲೆ ಕುಳಿತು ತಿಂದವರಿದ್ದರು. ಇವರಾರೂ ಮೊದಲು ಮನೋರೋಗಿಗಳಾಗಿರಲಿಲ್ಲ. ಅರೆಹೊಟ್ಟೆಯೊಂದೇ ಅವರನ್ನು ಹಾಗೆ ಮಾಡಿತು. ಅನೋರೆಕ್ಸಿಯಾ ರೋಗಿಗಳಲ್ಲಿ ನಾವು ಕಾಣುವ ಹಟ, ಸಿಡುಕು, ಊಟದ ಬಗೆಗಿನ ವಿಚಿತ್ರ ಕಟ್ಟುಪಾಡುಗಳಲ್ಲಿ ಎಷ್ಟೋ ಭಾಗ ಅವರ ಸ್ವಭಾವವಲ್ಲ, ಹಸಿದ ಮಿದುಳಿನ ನಡವಳಿಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ತರುಣರು ಚೇತರಿಸಿಕೊಂಡ ಬಗೆ ಇನ್ನೂ ಮುಖ್ಯವಾದ ಪಾಠ. ವಿಟಮಿನ್ ಮಾತ್ರೆಗಳಿಂದ, ಹೆಚ್ಚುವರಿ ಪ್ರೋಟೀನಿನಿಂದ ವಿಶೇಷ ಪ್ರಯೋಜನವಾಗಲಿಲ್ಲ. ಹೊಟ್ಟೆ ತುಂಬ ಊಟ ಸಿಕ್ಕಾಗಲೇ ಅವರು ಚೇತರಿಸಿದರು. ಅದೂ ಸಾಮಾನ್ಯ ಪ್ರಮಾಣದ ಊಟ ಸಾಲಲಿಲ್ಲ, ತಿಂಗಳುಗಟ್ಟಲೆ ಅದಕ್ಕಿಂತ ಬಹಳ ಹೆಚ್ಚೇ ಬೇಕಾಯಿತು. ಎಷ್ಟು ಉಂಡರೂ ತೃಪ್ತಿಯಾಗದ ಸ್ಥಿತಿಯನ್ನು ಅವರಲ್ಲಿ ಕೆಲವರು ಬಹುಕಾಲ ಅನುಭವಿಸಿದರು. ದೇಹವು ಕಳೆದುಕೊಂಡದ್ದನ್ನು ಮರಳಿ ಕಟ್ಟಿಕೊಳ್ಳುವಾಗ ಹೀಗಾಗುವುದು ಸಹಜ. ಅದು ಹೊಟ್ಟೆಬಾಕತನವಲ್ಲ.

ಮೊದಲ ದಿನಗಳ ಎಚ್ಚರಿಕೆ

ಹಾಗಾದರೆ ಇಂದೇ ಹೋಳಿಗೆ ಮಾಡಿ ತುಪ್ಪ ಸುರಿದು ಉಣಬಡಿಸೋಣವೇ? ಕೂಡದು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಯಥೇಚ್ಛವಾಗಿ ಉಣಿಸುವುದು ಪ್ರಾಣಕ್ಕೇ ಅಪಾಯ. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಹೊರಬಂದ ಹಸಿದ ಜನರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಇದರ ಕಾರಣ ಹೀಗಿದೆ: ಅನ್ನ, ಬೆಲ್ಲ, ಸಕ್ಕರೆಗಳಂತಹ ಪಿಷ್ಟ-ಸಿಹಿ ಪದಾರ್ಥಗಳು ಒಮ್ಮೆಗೇ ಹೊಟ್ಟೆ ಸೇರಿದಾಗ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳೊಳಕ್ಕೆ ನುಗ್ಗಿ ರಕ್ತದಲ್ಲಿ ಅವುಗಳ ಅಭಾವವುಂಟಾಗುತ್ತದೆ. ಹೃದಯದ ಬಡಿತ ತಪ್ಪುತ್ತದೆ; ಉಸಿರಾಟ ಕಷ್ಟವಾಗುತ್ತದೆ. ಆದ್ದರಿಂದ ಬಹಳ ತೂಕ ಕಳೆದುಕೊಂಡವರಿಗೆ, ಹಲವು ದಿನಗಳಿಂದ ಏನನ್ನೂ ತಿನ್ನದವರಿಗೆ ಮೊದಲ ಒಂದೆರಡು ವಾರದ ಊಟ ಆಸ್ಪತ್ರೆಯಲ್ಲಿಯೇ ನಡೆಯಬೇಕು. ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಾ, ಥಯಾಮಿನ್ ಎಂಬ ಬಿ-1 ಜೀವಸತ್ವವನ್ನು ಕೊಡುತ್ತಾ, ಊಟದ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾರೆ.

ತಲೆಸುತ್ತಿ ಬೀಳುವುದು, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುವುದು, ಎದೆ ಹಾರುವುದು, ಕಾಲುಗಳಲ್ಲಿ ಬಾವು, ನೀರನ್ನೂ ನಿರಾಕರಿಸುವುದು, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ, ಬದುಕೇ ಬೇಡವೆಂಬ ಮಾತು - ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಡಿಯಾರ ನೋಡಿ ಊಟ

ಅಪಾಯದ ಹಂತ ದಾಟಿ ಮನೆಗೆ ಬಂದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಪಾಲಹಳ್ಳಿಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಮಗಳು ಆಸ್ಪತ್ರೆಯಿಂದ ಬಂದಿದ್ದಾಳೆ. "ಹಸಿವಿಲ್ಲಮ್ಮ" ಎನ್ನುತ್ತಾಳೆ. ಅವಳು ಸುಳ್ಳಾಡುತ್ತಿಲ್ಲ. ಬಹುಕಾಲ ಅಲಕ್ಷಿತವಾದ ಹಸಿವಿನ ಸೂಚನೆ ಮಂಕಾಗಿರುತ್ತದೆ, ಜಠರ ನಿಧಾನವಾಗಿರುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಆದ್ದರಿಂದ ಈಗ ಊಟಕ್ಕೆ ಕರೆಯಬೇಕಾದುದು ಹಸಿವಲ್ಲ, ಗಡಿಯಾರ. ದಿನಕ್ಕೆ ಮೂರು ಊಟ, ನಡುನಡುವೆ ಎರಡು ಅಥವಾ ಮೂರು ಲಘು ಆಹಾರ. ಯಾವ ಎರಡರ ನಡುವೆಯೂ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ.

ಇದಕ್ಕೆ ಪೇಟೆಯ ಡಬ್ಬದ ಪುಡಿಗಳೇ ಬೇಕೆಂದಿಲ್ಲ. ನಮ್ಮ ಸಸ್ಯಾಹಾರದ ಅಡುಗೆಯಲ್ಲಿಯೇ ಎಲ್ಲವೂ ಇದೆ. ವೈದ್ಯರು ಒಪ್ಪಿದ ಪ್ರಮಾಣದಲ್ಲಿ ಈ ಕ್ರಮವನ್ನು ಅನುಸರಿಸಬಹುದು:

ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಹಾಲು, ಅಥವಾ ಹಾಲು ಬೆರೆಸಿದ ರಾಗಿ ಗಂಜಿ.

ಎಂಟೂವರೆಗೆ ಇಡ್ಲಿ, ದೋಸೆ, ಅಕ್ಕಿರೊಟ್ಟಿ ಅಥವಾ ಉಪ್ಪಿಟ್ಟು. ಜೊತೆಗೆ ಕಾಯಿಚಟ್ನಿ, ತುಪ್ಪ.

ಹನ್ನೊಂದಕ್ಕೆ ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ.

ಮಧ್ಯಾಹ್ನ ಮುದ್ದೆ ಅಥವಾ ಚಪಾತಿ, ಕಾಳಿನ ಸಾರು, ಪಲ್ಯ, ತುಪ್ಪದ ಅನ್ನ, ಗಟ್ಟಿ ಮೊಸರು.

ಸಂಜೆ ಹುರಿಗಡಲೆ-ಬೆಲ್ಲ, ಅಥವಾ ಒಂದು ಉಂಡೆ, ಹಾಲು.

ರಾತ್ರಿ ಎಂಟಕ್ಕೆ ಮನೆಮಂದಿಯೊಡನೆ ಊಟ. ಮಲಗುವ ಮುನ್ನ ಮತ್ತೆ ಹಾಲು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯರಿಗೆ ಹಿತವೆಂದು ನಾವು ಹೊಗಳುವ ಕೆಲವು ಪದಾರ್ಥಗಳು ಚೇತರಿಕೆಯ ಮೊದಲ ತಿಂಗಳುಗಳಲ್ಲಿ ಅಡ್ಡಿಯಾಗಬಲ್ಲವು. ರಾಶಿ ಸೊಪ್ಪು, ಹಸಿ ಸೌತೆ, ನೀರು ಮಜ್ಜಿಗೆ, ದೊಡ್ಡ ಮುದ್ದೆಗಳು ಪುಟ್ಟದಾದ ಹೊಟ್ಟೆಯನ್ನು ಬೇಗ ತುಂಬಿಸಿಬಿಡುತ್ತವೆ. ಶಕ್ತಿಯನ್ನು ಕೊಡುವುದು ಸ್ವಲ್ಪವೇ. ಕಾಯಿಲೆಯವರು ಇವನ್ನೇ ಆರಿಸಿಕೊಳ್ಳುವುದೂ ಉಂಟು. ರಾಗಿಯನ್ನು ಬಿಡಬೇಕೆಂದಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಸುಣ್ಣದ ಅಂಶವಿದೆ. ಸವೆದ ಮೂಳೆಗಳಿಗೆ ಅದು ಬೇಕೇಬೇಕು. ಆದರೆ ಮುದ್ದೆ ಚಿಕ್ಕದಿರಲಿ, ತುಪ್ಪ ಧಾರಾಳವಾಗಿರಲಿ. ಒಂದು ದೊಡ್ಡ ಚಮಚ ತುಪ್ಪದಲ್ಲಿ ನೂರಕ್ಕೂ ಹೆಚ್ಚು ಕ್ಯಾಲೊರಿಯಿದ್ದು ಅದು ಹೊಟ್ಟೆಯಲ್ಲಿ ಜಾಗವನ್ನೇ ಬೇಡುವುದಿಲ್ಲ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಕೆನೆಹಾಲುಗಳೂ ಹಾಗೆಯೇ. ಊಟಕ್ಕೆ ಮುಂಚೆ ಕಾಫಿ-ಚಹಾ ಬೇಡ. ಅವು ಹಸಿವನ್ನು ಕೊಲ್ಲುತ್ತವೆ.

ಮನೆಯಲ್ಲಿ ಚಿಕಿತ್ಸೆ ಪಡೆಯುವವರ ತೂಕ ವಾರಕ್ಕೆ ಸುಮಾರು ಅರ್ಧ ಕಿಲೋ ಏರಿದರೆ ಸಾಕು. ವಾರಕ್ಕೊಮ್ಮೆ, ನಿಗದಿಯಾದ ದಿನ ಮಾತ್ರ ತೂಗಬೇಕು. ದಿನವೂ ತಕ್ಕಡಿ ಹತ್ತುವುದು ಕಾಯಿಲೆಗೆ ನೀರೆರೆದಂತೆ.

ತಾಯಿತಂದೆಯರು ಮಾಡಬೇಕಾದುದು

ಮಗಳು ಹೀಗಾದಳೆಂದು ತಾಯಿಯನ್ನು ದೂಷಿಸುವುದು ನಮ್ಮಲ್ಲಿ ಸಾಮಾನ್ಯ. ತಾಯಿತಂದೆಯರೇ ಈ ಕಾಯಿಲೆಗೆ ಕಾರಣರೆಂಬ ಹಳೆಯ ವಾದವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಬದಲಿಗೆ ಅವರೇ ಚಿಕಿತ್ಸೆಯ ಆಧಾರಸ್ತಂಭಗಳೆಂದು ಭಾವಿಸುತ್ತದೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಜ್ಞರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಬೇರುಬಿಡುವ ಮುನ್ನ ಚಿಕಿತ್ಸೆಗೆ ಬಂದ ಎಳೆಯ ರೋಗಿಗಳಿಗೆ ಒಂಟಿಯಾಗಿ ನೀಡಿದ ಚಿಕಿತ್ಸೆಗಿಂತ ಕುಟುಂಬವನ್ನು ಸೇರಿಸಿಕೊಂಡು ನೀಡಿದ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ಅಂದಿನಿಂದ ರೂಪುಗೊಂಡ ಕ್ರಮದಲ್ಲಿ ಮೂರು ಘಟ್ಟಗಳಿವೆ. ಮೊದಲು ಏನು, ಎಷ್ಟು, ಯಾವಾಗ ಉಣ್ಣಬೇಕೆಂಬ ಹೊಣೆಯನ್ನು ತಾಯಿತಂದೆಯರೇ ಹೊರುತ್ತಾರೆ. ತೂಕ ಏರಿದಂತೆ ಆ ಹೊಣೆಯನ್ನು ಮೆಲ್ಲಮೆಲ್ಲನೆ ಮಗಳಿಗೆ ಮರಳಿಸುತ್ತಾರೆ. ಕೊನೆಯಲ್ಲಿ ಓದು, ಗೆಳೆತನ, ಮುಂದಿನ ಬದುಕಿನ ಮಾತಿಗೆ ಮರಳುತ್ತಾರೆ.

ಬಡಿಸಿದವರು ಪಕ್ಕದಲ್ಲಿಯೇ ಕುಳಿತು ತಾವೂ ಉಣ್ಣಬೇಕು. ತಟ್ಟೆಯನ್ನು ಕೋಣೆಗೆ ಕಳುಹಿಸಬಾರದು. ಊಟಕ್ಕೆ ಅರ್ಧ-ಮುಕ್ಕಾಲು ಗಂಟೆಯ ಮಿತಿ ಇರಲಿ. "ನಿನ್ನಿಂದ ನಮ್ಮ ಮಾನ ಹೋಯಿತು", "ದೇಶದಲ್ಲಿ ಎಷ್ಟು ಜನ ಹಸಿದಿದ್ದಾರೆ ಗೊತ್ತೇ" ಎಂಬ ಮಾತುಗಳು ಒಂದು ತುತ್ತನ್ನೂ ಒಳಗೆ ಇಳಿಸವು. "ಕಷ್ಟ ಅಂತ ಗೊತ್ತಮ್ಮ. ಆದರೂ ಇದನ್ನು ಉಣ್ಣಬೇಕು. ನಾನು ಇಲ್ಲೇ ಕೂತಿರುತ್ತೇನೆ" ಎಂದು ಹೇಳಿ ಕಾಯುವುದೇ ಸರಿಯಾದ ದಾರಿ. ಅವಳು ಅತ್ತರೂ ಸಿಟ್ಟಾದರೂ ತಟ್ಟೆಯನ್ನು ಹಿಂದಕ್ಕೆ ಒಯ್ಯಬಾರದು, ಕೈಮಾಡಲೂಬಾರದು. ತಾಯಿಯೊಬ್ಬಳೇ ಈ ಭಾರ ಹೊತ್ತರೆ ಸೋಲುತ್ತಾಳೆ. ತಂದೆ, ಅಜ್ಜಿ, ಅಣ್ಣಂದಿರು ಸರದಿಯಂತೆ ಜೊತೆಗೂಡಬೇಕು. ಒಬ್ಬರು ಕಟ್ಟುನಿಟ್ಟು ಮಾಡಿದಾಗ ಇನ್ನೊಬ್ಬರು "ಇವತ್ತೊಂದು ದಿನ ಬಿಡು" ಎಂದರೆ ಗೆಲ್ಲುವುದು ಕಾಯಿಲೆಯೇ.

ಬಂಧುಗಳ ನಾಲಗೆಗೂ ಕಡಿವಾಣ ಬೇಕು. ಮದುವೆ ಮನೆಯಲ್ಲಿ "ದಪ್ಪ ಆಗಿದ್ದೀಯಲ್ಲೇ" ಎಂದು ನಕ್ಕವರೇ ಆರು ತಿಂಗಳ ಮೇಲೆ "ಸೊರಗಿ ಕಡ್ಡಿಯಾಗಿದ್ದೀಯಲ್ಲೇ" ಎನ್ನುತ್ತಾರೆ. ಚೇತರಿಸುತ್ತಿರುವ ಹುಡುಗಿಗೆ "ಈಗ ಮೈಕೈ ತುಂಬಿಕೊಂಡಿದ್ದೀಯ" ಎಂಬ ಹೊಗಳಿಕೆಯೂ ಬಾಣದಂತೆ ನಾಟುತ್ತದೆ. ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಹೆಣ್ಣುಮಕ್ಕಳ ಊಟ ಕಡಿಮೆ ಮಾಡಿಸುವ ಪದ್ಧತಿಯನ್ನು ನಾವು ಬಿಡಲೇಬೇಕು.

ಉಪವಾಸ ಮತ್ತು ಪ್ರಸಾದ

ಈ ಕಾಯಿಲೆಯು ವ್ರತದ ಮುಸುಕು ಹೊದ್ದು ಬರುವುದುಂಟು. ಸೋಮವಾರದ ಉಪವಾಸಕ್ಕೆ ಗುರುವಾರದ್ದು ಸೇರುತ್ತದೆ, ಆಮೇಲೆ ಶನಿವಾರದ್ದು. ಭಕ್ತಿಯೆಂದು ಹಿರಿಯರು ಮೆಚ್ಚುತ್ತಾರೆ. ಶಿವರಾತ್ರಿಯ ಉಪವಾಸ ಮರುದಿನ ಬೆಳಗ್ಗೆ ಮುಗಿಯುತ್ತದೆ. ಉಪವಾಸ ಬಿಟ್ಟವರು ಸಂತೋಷದಿಂದ ಉಣ್ಣುತ್ತಾರೆ. ಕಾಯಿಲೆಯ ಉಪವಾಸಕ್ಕೆ ಕೊನೆಯಿಲ್ಲ. ಉಂಡ ಮೇಲೆ ಸಂತೋಷವಿಲ್ಲ, ಪಶ್ಚಾತ್ತಾಪವಿದೆ. ಈ ವ್ಯತ್ಯಾಸವನ್ನು ಗುರುತಿಸಬೇಕು. ಚೇತರಿಕೆ ಪೂರ್ಣವಾಗುವವರೆಗೆ ಯಾವ ಉಪವಾಸವೂ ಬೇಡವೆಂದು ಮನೆಯ ಹಿರಿಯರೇ ಹೇಳಬೇಕು.

ನಮ್ಮ ಪರಂಪರೆಯಲ್ಲಿ ಅನ್ನವು ಪ್ರಸಾದ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ನಿಗದಿತ ಹೊತ್ತಿಗೆ, ಒಂದೇ ಪಂಕ್ತಿಯಲ್ಲಿ, ಒಂದೇ ಬಗೆಯ ಊಟವನ್ನು ಮಾಡುತ್ತಾರೆ. ಹೊತ್ತು, ಜೊತೆ, ಎಲ್ಲರಿಗೂ ಸಮನಾದ ಊಟ - ಚಿಕಿತ್ಸೆಯವರು ಇಂದು ಬಯಸುವುದೂ ಈ ಮೂರನ್ನೇ. ಪ್ರಸಾದವನ್ನು ಬಿಸುಡಬಾರದೆಂಬ ನಿಯಮವನ್ನು ಬೆದರಿಕೆಯಾಗಿ ಬಳಸದೆ, ಮುಗಿಸಬಲ್ಲಷ್ಟನ್ನೇ ಬಡಿಸಿ, ವಾರದಿಂದ ವಾರಕ್ಕೆ ಒಂದೊಂದು ಸೌಟು ಏರಿಸುತ್ತಾ ಹೋದರೆ ಆ ನಿಯಮವೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ವಾಂತಿಯ ಚಾಳಿ ಇರುವವರಿಗೆ

ಬುಲಿಮಿಯಾ ಇರುವವರ ತೂಕ ಸಾಮಾನ್ಯವಾಗಿರುವುದರಿಂದ ಮನೆಯವರಿಗೆ ಅದು ಗೊತ್ತೇ ಆಗದು. ಹಲ್ಲಿನ ಹೊಳಪು ಹೋಗುವುದು, ಕೆನ್ನೆಗಳ ಬುಡ ಊದುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು ಇದರ ಕುರುಹುಗಳು. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ಕುತ್ತು ಬರುತ್ತದೆ. ಹಗಲೆಲ್ಲ ಹಸಿದಿದ್ದವರೇ ರಾತ್ರಿ ಹತೋಟಿ ತಪ್ಪಿ ತಿನ್ನುತ್ತಾರೆ. ಆದ್ದರಿಂದ ಇವರಿಗೂ ಮೊದಲ ಔಷಧ ಹೊತ್ತು ಹೊತ್ತಿನ ಊಟವೇ. ಊಟದ ನಂತರ ಒಂದು ಗಂಟೆ ಕಾಲ ಯಾರಾದರೂ ಜೊತೆಗಿದ್ದು ಹೂ ಕಟ್ಟುವುದೋ, ಚೌಕಾಬಾರ ಆಡುವುದೋ, ಮಾತಾಡುವುದೋ ಮಾಡಿದರೆ ವಾಂತಿಯ ತುಡಿತ ತಾನಾಗಿ ಇಳಿಯುತ್ತದೆ. ವಾಂತಿಯಾದರೆ ಕೂಡಲೇ ಹಲ್ಲುಜ್ಜದೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಮುಂದಿನ ಊಟವನ್ನು ತಪ್ಪಿಸದೆ ಮಾಡಬೇಕು.

ದಾರಿಯ ತೊಡಕುಗಳು

ಊಟ ಹೆಚ್ಚಿದಂತೆ ಹೊಟ್ಟೆ ಉಬ್ಬರಿಸುತ್ತದೆ, ಮಲಬದ್ಧತೆ ಕಾಡುತ್ತದೆ. ಇದು ಕೆಲವು ವಾರಗಳ ತೊಂದರೆ. ಮರಳಿ ಬಂದ ತೂಕ ಮೊದಲು ಹೊಟ್ಟೆಯ ಸುತ್ತಲೇ ನಿಲ್ಲುತ್ತದೆ. ತಿಂಗಳುಗಳು ಕಳೆದಂತೆ ಮೈಯೆಲ್ಲ ಹರಡಿಕೊಳ್ಳುತ್ತದೆ. ಇದನ್ನು ಮೊದಲೇ ತಿಳಿಸಿದರೆ ಹುಡುಗಿ ಹೆದರಿ ಹಿಂದಕ್ಕೆ ಸರಿಯುವುದಿಲ್ಲ. ಬೆವರಿಳಿಸುವ ವ್ಯಾಯಾಮ ಸದ್ಯಕ್ಕೆ ಬೇಡ. ಹೆದರಿಸುವ ತಿನಿಸುಗಳನ್ನು, ತುಪ್ಪವಾಗಲಿ ಒಬ್ಬಟ್ಟಾಗಲಿ, ಒಂದೊಂದಾಗಿ ತಟ್ಟೆಗೆ ಮರಳಿಸಬೇಕು. ಎರಡೇ ಬಗೆಯ ತಿನಿಸನ್ನು ತಿಂದು ತೂಕ ಏರಿಸಿಕೊಂಡವರನ್ನು ಗುಣವಾದರೆಂದು ಹೇಳಲಾಗದು.

ಮುಟ್ಟು ಮರಳುವುದು ಶುಭಸೂಚನೆ. ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ತೂಕ ಮರಳಿದ ಮೇಲೂ ಮನಸ್ಸು ಹಿಂದೆಯೇ ಉಳಿದಿರುತ್ತದೆ. ಕಾಯಿಲೆ ಮರುಕಳಿಸುವ ಸಂಭವ ಮೊದಲ ವರ್ಷದಲ್ಲಿ ಹೆಚ್ಚು. ಪರೀಕ್ಷೆ, ಹಾಸ್ಟೆಲ್ ವಾಸ, ಮದುವೆಯ ಮಾತುಕತೆ ಇಂತಹ ಸಮಯದಲ್ಲಿ ವಿಶೇಷ ನಿಗಾ ಬೇಕು. ಒಂದು ಊಟ ತಪ್ಪಿದರೆ ಎಲ್ಲವೂ ಹಾಳಾಯಿತೆಂದು ಕೈಚೆಲ್ಲದೆ, ಮುಂದಿನ ಹೊತ್ತಿನ ಊಟದಿಂದಲೇ ಮತ್ತೆ ಆರಂಭಿಸಬೇಕು.

ಎಲ್ಲಿ ಕೇಳಬೇಕು

ಪಾಲಹಳ್ಳಿ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕುಟುಂಬಗಳು ನೆರವಿಗಾಗಿ ದೂರ ಹೋಗಬೇಕಿಲ್ಲ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಕಠಿಣ ಪ್ರಸಂಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆಯ ನೆರವು ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಮನೋವೈದ್ಯರ ಬಳಿಗೆ ಹೋದರೆ ಹುಡುಗಿಗೆ ಹೆಸರು ಬರುತ್ತದೆ, ಸಂಬಂಧ ಕೂಡಿಬರುವುದಿಲ್ಲ ಎಂದು ಮುಚ್ಚಿಡುವವರಿಗೆ ನಮ್ಮ ಮನವಿ ಇಷ್ಟೇ: ಮನೋರೋಗಗಳಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುವ ಕಾಯಿಲೆಗಳ ಸಾಲಿನಲ್ಲಿ ಅನೋರೆಕ್ಸಿಯಾ ಇದೆ. ಬೇಗ ಚಿಕಿತ್ಸೆಗೆ ಬಂದವರು ಬೇಗ ಗುಣವಾಗುತ್ತಾರೆ.

ಹಸಿವಾದಾಗ ಉಣ್ಣಲಿ ಎಂದು ಕಾಯಬೇಡಿ. ಹೊತ್ತಿಗೆ ಸರಿಯಾಗಿ ಬಡಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ, ನಾಳೆಯೂ ಹಾಗೆಯೇ ಮಾಡಿ. ಒಂದು ದಿನ ಕಾಲೇಜಿನಿಂದ ಬಂದ ಮಗಳು ಚೀಲವನ್ನು ಮೂಲೆಗಿಟ್ಟು, "ಅಮ್ಮಾ, ತಿನ್ನೋಕೆ ಏನಿದೆ?" ಎಂದು ತಾನಾಗಿಯೇ ಕೇಳುತ್ತಾಳೆ. ಆ ಮಾತಿಗಾಗಿ ಆರು ತಿಂಗಳು ಕಾಯಬೇಕಾಗಬಹುದು, ವರ್ಷವೇ ಆಗಬಹುದು. ಕಾಯುವುದು ಸಾರ್ಥಕ.